ಸಪ್ಪನ ಚಹಾದ ಶಪಥ

ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವವರು ಚಹಾ ಕುಡಿಯುವವರೇ ಅಲ್ಲ, ಪಾನಕ ಕುಡಿಯುವವರು! ಸೊಲ್ಲಾಪುರದ ನಮ್ಮ ಆಫೀಸಿನಲ್ಲಿ ಹೀಗೆಂದು ಭಾಷಣ ಬಿಗಿದು, ಇನ್ನು ಮೇಲೆ ನನ್ನ ಕಪ್ಪಿಗೆ ಸಕ್ಕರೆಯ ಹರಳೂ ಬೀಳಕೂಡದೆಂದು ಶಪಥ ಮಾಡಿದ್ದೆ. ರೇಶನ್ ಕಂಟ್ರೋಲಿನ ಕಾಲ, ಸಕ್ಕರೆ ಸಿಗುತ್ತಲೂ ಇರಲಿಲ್ಲ. ಆ ಮಾತು ಬೇರೆ.

ಆಗಲೇ ನನ್ನ ಹೆಂಡತಿ ವೇಣೂಬಾಯಿಯ ತಂಗಿ ಉಮಾಗೆ ಅಕ್ಕಲಕೋಟದ ಒಂದು ಸಂಬಂಧ ಬಂತು. ಹುಡುಗನ ತಾಯಿ ಗೋದೂಬಾಯಿ ಸಾತಾರಾ ಕಡೆಯ ಮರಾಠಿ ಮಾತಿನವರು, ಕನ್ನಡ ಒಂದಕ್ಷರ ಬಾರದು. ಹಿಂದೆ ಬಂದ ಸಂಬಂಧಗಳು ತಪ್ಪಿದ್ದಕ್ಕೆ ನನ್ನ ಬಾಯಿಯೇ ಕಾರಣವೆಂದು ಹೆಂಡತಿಯ ದೂರು. ಉಮಾ ಈ ಸಲ ದೇವರಿಗೆ ಹರಕೆ ಹೊತ್ತಿದ್ದಳು. ಹುಡುಗಿಯನ್ನು ತೋರಿಸಲು ಹೊರಟ ಬಸ್ಸಿನಲ್ಲೇ ವೇಣೂಬಾಯಿ ನನಗೆ ತಾಕೀತು ಮಾಡಿದಳು:

"ಮಾತು ನಾ ಆಡತೀನಿ. ನೀವು 'ಛಲೋ ಅದ', 'ಸಾಕ್ರಿ' ಇವೆರಡು ಬಿಟ್ಟು ಮೂರನೇದು ಅನಬ್ಯಾಡ್ರಿ. ಚಹಾದ ಪುರಾಣ ಅಂತೂ ತೆಗೀಲೇಬ್ಯಾಡ್ರಿ."

ಒಪ್ಪಿದೆ. ಅಕ್ಕಲಕೋಟದಲ್ಲಿ ಅಕ್ಕತಂಗಿಯರನ್ನು ಒಳಗೆ ಕರೆದೊಯ್ದರು. ಗೋದೂಬಾಯಿ ನನ್ನ ಒಂದು ಕೈಗೆ ಕಪ್ಪು, ಇನ್ನೊಂದಕ್ಕೆ ಬಶಿ ಕೊಟ್ಟು ಸಕ್ಕರೆ ಡಬ್ಬಿ ತಂದರು. ಒಂದು ಚಮಚ ಬಿತ್ತು. ಶಪಥ ಮುಳುಗಿತು! "ಸಾಕ್ರಿ" ಎಂದೆ. ಇನ್ನೊಂದು ಬಿತ್ತು. ಪಾಪ, ಬೀಗರೆಂದು ಒತ್ತಾಯ ಮಾಡುತ್ತಿದ್ದಾರೆ ಎಂದುಕೊಂಡು ಗಟ್ಟಿಯಾಗಿ "ಸಾಕ್ರಿ, ಸಾಕ್ರಿ" ಎಂದೆ. ಅಡ್ಡ ಹಿಡಿಯೋಣವೆಂದರೆ ಮೂರನೇ ಕೈ ಇಲ್ಲ. ನಾನು ಅಂದಷ್ಟೂ ಚಮಚದ ಓಟ ಹೆಚ್ಚಿತು. ಕೊನೆಗೆ ಡಬ್ಬಿಯ ತಳ ಕೆರೆದು ಒಳಗೆ ಕೂಗಿದರು: "ಪಾಹುಣ್ಯಾಂನಾ ಆಣಖೀ ಸಾಖರ ಆಣಾ!"

ಸಾಖರ! ನೆಂಟರಿಗೆ ಇನ್ನಷ್ಟು ಸಕ್ಕರೆ ತನ್ನಿ ಎಂದು ಕೂಗಿದ್ದರು. ನಾನು ಕನ್ನಡದಲ್ಲಿ ಸಾಕು ಅಂದದ್ದು ಅವರ ಮರಾಠಿ ಕಿವಿಗೆ ಸಕ್ಕರೆಯಾಗಿತ್ತು!

ಒಳಗಿನಿಂದ ವೇಣೂಬಾಯಿ ಬಂದಳು, ಮುಖ ಸುಣ್ಣ. ಆ ಮನೆಯವರೆಲ್ಲ ಬೆಲ್ಲದ ಚಹಾ ಕುಡಿದು ಉಳಿಸಿದ್ದ ಸಕ್ಕರೆಯಂತೆ ಅದು, ಅಂದಿನ ಸಾಖರಪುಡಾಕ್ಕೆಂದು. ಸಕ್ಕರೆಯ ಪೊಟ್ಟಣ ಹುಡುಗಿಯ ಕೈಯಲ್ಲಿಟ್ಟರೇ ಅವರಲ್ಲಿ ನಿಶ್ಚಯ. ಆ ನಿಶ್ಚಯ ಈಗ ನನ್ನ ಕಪ್ಪಿನಲ್ಲಿತ್ತು. ಗೋದೂಬಾಯಿ ಸಂಕೋಚದಿಂದಲೇ ಕೇಳಿದರು, ಇಷ್ಟು ಸಕ್ಕರೆ ತಿನ್ನುವ ಮನೆಯ ಹುಡುಗಿ ನಮ್ಮ ಬೆಲ್ಲದ ಮನೆಯಲ್ಲಿ ಹೇಗೆ ಬಾಳಿಯಾಳು ಎಂದು. ಬಾಗಿಲಲ್ಲಿ ನಿಂತ ಉಮಾಳ ಕಣ್ಣು ತುಂಬಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ನೆಲ ಬಿಡಲಿಲ್ಲ, ನಾನೇ ಬಿಟ್ಟೆ. ಮರಾಠಿಯಲ್ಲಿ ಎಲ್ಲ ಒಪ್ಪಿಸಿದೆ: ಶಪಥ, ಪಾನಕದ ಭಾಷಣ, ಹೆಂಡತಿ ಕಲಿಸಿ ಕಳಿಸಿದ ಎರಡೇ ಮಾತು. ಹುಡುಗಿಗೆ ಬೆಲ್ಲದ ಚಹಾವೇ ರೂಢಿಯೆಂದೂ ಕೈ ಮುಗಿದು ಹೇಳಿದೆ. ಗೋದೂಬಾಯಿ ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು, ನಕ್ಕರು, ಕಣ್ಣೊರೆಸಿಕೊಂಡರು. ಬೆಲ್ಲದ ತುಂಡನ್ನೇ ಕಾಗದದಲ್ಲಿ ಕಟ್ಟಿ ಉಮಾಳ ಕೈಯಲ್ಲಿಟ್ಟರು. ನಾನು ಆ ಪಾಕವನ್ನು ಎಲ್ಲರೆದುರಿಗೆ ಕುಡಿದು ಮುಗಿಸಿ, "ಛಲೋ ಅದ" ಎಂದೆ.

ಮದುವೆಯ ದಿನ ಅಷ್ಟು ಜನರ ನಡುವೆ ಗೋದೂಬಾಯಿ ನನ್ನನ್ನೇ ಹುಡುಕಿಕೊಂಡು ಬಂದರು. ನನ್ನ ಕೈಯಲ್ಲಿ ಚಹಾ, ಅವರ ಕೈಯಲ್ಲಿ ಸಕ್ಕರೆ ಡಬ್ಬಿ. ತಾವು ಕಲಿತ ಒಂದೇ ಒಂದು ಕನ್ನಡ ಮಾತನ್ನು ಆಡಿ ತೋರಿಸಿದರು:

"ಸಾಕ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ವೇಣೂಬಾಯಿ ಹೇಳಿದಳು: "ಹೂಂ ಅನಬ್ಯಾಡ್ರಿ, ಊಹೂಂನೂ ಅನಬ್ಯಾಡ್ರಿ. ಸುಮ್ಮ ಕಪ್ಪು ಕೆಳಗಿಡ್ರಿ."