ಕಂಪ್ಯೂಟರಿಗೆ ಅಮ್ಮ ಬಂದಾಗ

ಕಂಪ್ಯೂಟರ್ ಇರುವ ಮನೆಗೆ ಹೋಗಿ ನಗದೆ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಈಗಲೂ ಹಾಗೇ. ಆಗಂತೂ ದಿನಾ ಒಂದಲ್ಲ ಒಂದು ನಡೀತಾನೇ ಇತ್ತು.

ಆಗ ಅಂದರೆ ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ದಾವಣಗೆರೆಯಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಬೆಳಿಗ್ಗೆ ಪಾಠ. ಊಟವಾದ ಮೇಲೆ ಮೊಪೆಡ್ ಹತ್ತಿ ಮನೆಮನೆ ಸವಾರಿ. ಹರಿಹರದಿಂದಲೂ ಫೋನ್ ಬರುತ್ತಿತ್ತು. ಎಲ್ಲರಿಗೂ ನಾನು ‘ಕಂಪ್ಯೂಟರ್ ಮೇಡಂ’. ಆ ಮಧ್ಯಾಹ್ನಗಳು ಈಗ ಕನಸಿನ ಹಾಗೆ ನೆನಪಾಗುತ್ತವೆ. ಬಿಸಿಲಲ್ಲಿ ಗಿರಣಿಗಳ ಹತ್ತಿಯ ಎಳೆಗಳು ತೇಲುತ್ತಿರುತ್ತಿದ್ದವು. ಯಾವುದೋ ಭಟ್ಟಿಯಿಂದ ಮಂಡಕ್ಕಿ ಹುರಿಯುವ ವಾಸನೆ. ಅರ್ಧ ಊರು ಮಲಗಿರುತ್ತಿತ್ತು. ಎಚ್ಚರ ಇರುವುದು ನಾನು ಮತ್ತು ಯಾರದೋ ಮನೆಯ ಕೆಟ್ಟ ಕಂಪ್ಯೂಟರ್, ಇಬ್ಬರೇ ಅನ್ನಿಸುತ್ತಿತ್ತು.

ನಾನು ಹೇಳುತ್ತಿದ್ದ ಬುದ್ಧಿಮಾತು ಎಲ್ಲ ಮನೆಯಲ್ಲೂ ಒಂದೇ. ಅದನ್ನು ಜನ ತಮ್ಮ ತಮ್ಮ ಮನೆಗೆ ಒಗ್ಗಿಸಿಕೊಳ್ಳುತ್ತಿದ್ದ ರೀತಿ ಮಾತ್ರ ನನ್ನ ಕೈಯಲ್ಲಿರಲಿಲ್ಲ.

ಒಗ್ಗರಣೆ ಇಲ್ಲದ ಮನೆ

ಮಂಡಿಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು ಗಾಬರಿಯಿಂದ ಫೋನ್ ಮಾಡಿದರು. “ಮೇಡಂ, ಪರದಿ ಮ್ಯಾಲೆ ಅಕ್ಷರ ತಾವೇ ಉದುರಾಕತ್ಯಾವ್ರಿ. ಎಲಿ ಉದುರಿದಂಗೆ.”

“ವೈರಸ್ ಬಂದಿರಬೇಕು. ನಾನು ಬರೋವರೆಗೂ ಯಾರೂ ಮುಟ್ಟಬ್ಯಾಡ್ರಿ” ಅಂದೆ. ಅವರು ಆ ಮಾತನ್ನು ಹಾಗೆಹಾಗೇ ಮನೆಯಲ್ಲಿ ಹೇಳಿದ್ದಾರೆ.

ಎರಡು ದಿನ ಬಿಟ್ಟು ಹೋದರೆ ಬಾಗಿಲಿಗೆ ಬೇವಿನ ಸೊಪ್ಪು. ಊಟದ ಹೊತ್ತಾದರೂ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆಯೇ ಇಲ್ಲ. ಯಾರಿಗೋ ಅಮ್ಮ ಬಂದಿದೆ, ಸೀತಾಳೆ ಸಿಡುಬೋ ದಡಾರವೋ, ಪಾಪ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಿಟಕಿ ಮುಚ್ಚಿದ ನಡುಮನೆ. ತಂಪು ಕತ್ತಲು. ಕಂಪ್ಯೂಟರ್ ಮೇಲೆ ಒಗೆದ ಬಿಳಿ ಪಂಚೆ, ಪಂಚೆಯ ಮೇಲೆ ಬೇವಿನ ಟೊಂಗೆ. ಪಕ್ಕದಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿ, ಬೀಸಣಿಗೆ ಹಿಡಿದು ಮೆಲ್ಲಗೆ ಗಾಳಿ ಹಾಕುತ್ತಿದ್ದರು.

ಅಜ್ಜಿಯ ಮಗನಾದ ವ್ಯಾಪಾರಿ ನಾಚಿಕೊಂಡು, “ಅದು ಬ್ಯಾರೆ ವೈರಸ್ ಅಂತ ಹೇಳಿದೆ ರೀ, ಅವ್ವ ಕೇಳಲ್ಲ” ಅಂದರು.

“ಯಾಕ ಕೇಳ್ಲಿ? ವೈರಸ್ ಅಂದ್ರೇನು ಅಂತ ಡಾಕ್ಟ್ರನ್ನೇ ಕೇಳಿದೆ. ಅಮ್ಮ ಬರೋದೂ ವೈರಸ್ಸಿಂದಾನೇ ಅಂದ್ರು. ಮನಿಯಾಗೆ ಎಳೇ ಕೂಸು ಐತೆ ನನ್ನವ್ವ” ಅಂದರು ಅಜ್ಜಿ. ಡಾಕ್ಟರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪಂಚೆ ಸರಿಸಿ ಕೂತು ಸ್ವಚ್ಛ ಮಾಡಿದೆ. ಉದುರಿದ ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ದೊಡ್ಡ ಮೊಮ್ಮಗನ ಗೆಳೆಯರು ಆಟದ ಫ್ಲಾಪಿ ತಂದು ಹಾಕಿದ್ದರಿಂದ ಬಂದದ್ದು, ಊರವರ ಮನೆಯ ಕಂಪ್ಯೂಟರಿಗೆಲ್ಲ ಹೋಗಿಬಂದ ಫ್ಲಾಪಿ ಅದು, ಅಂತ ವಿವರಿಸಿದೆ.

ಅಜ್ಜಿ ಬೀಸಣಿಗೆ ಕೆಳಗಿಟ್ಟರು. “ಅಂದ್ರೆ ಎಂಜಲು ಫ್ಲಾಪಿ.”

ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೌದಜ್ಜಿ ಅಂದೆ. ಅಜ್ಜಿ ಅಲ್ಲೇ ಅಪ್ಪಣೆ ಕೊಟ್ಟರು, ಇನ್ನು ಮೇಲೆ ಈ ಮನೆಗೆ ಎಂಜಲು ಫ್ಲಾಪಿ ಬರಕೂಡದು. ಆಮೇಲೆ ನನ್ನ ಕಡೆ ಬಗ್ಗಿ, ಡಾಕ್ಟರನ್ನು ಕೇಳುವ ದನಿಯಲ್ಲಿ ಕೇಳಿದರು:

“ಇನ್ನ ಒಗ್ಗರಣಿ ಹಾಕಬಹುದೇನವ್ವ?”

ಹಾಕಬಹುದು ಅಂದೆ. ಒಳಗೆ ಸಾಸಿವೆ ಚಟಪಟ ಅಂದಾಗ ಬೆಲ್ಲದ ವ್ಯಾಪಾರಿಯ ಮುಖ ಅರಳಿದ್ದು ನೋಡಬೇಕಿತ್ತು. ಕಂಪ್ಯೂಟರ್ ಸರಿಯಾದದ್ದಕ್ಕೆ ಅವರು ಅಷ್ಟು ಖುಷಿ ಪಟ್ಟಿರಲಿಲ್ಲ.

ಆವರಗೆರೆಯ ಮೀನುಗಳು

ಆವರಗೆರೆಯ ಒಂದು ಮನೆಯಲ್ಲಿ, ಕಂಪ್ಯೂಟರ್ ಸುಮ್ಮನೆ ಬಿಟ್ಟರೆ ಪರದೆ ಮೇಲೆ ಮೀನುಗಳು ಈಜುವ ಹಾಗೆ ಮಾಡಿಕೊಟ್ಟಿದ್ದೆ. ಮನೆಯ ಯಜಮಾನ್ತಿಗೆ ಅದೇ ದೊಡ್ಡ ಬೆರಗು. ಮಧ್ಯಾಹ್ನ ಅಕ್ಕಿ ಆರಿಸುತ್ತ ಅದರ ಮುಂದೆಯೇ ಕೂಡುತ್ತಿದ್ದರು. ಗುಡುಗು ಬಂದರೆ ಕರೆಂಟಿನ ಪ್ಲಗ್ಗನ್ನೂ ಫೋನಿನ ತಂತಿಯನ್ನೂ ಕಿತ್ತಿಡಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ ಅಂತ ಹೇಳಿದ್ದೆ. ಒಂದು ಸಂಜೆ ಗುಡುಗು ಬಂತು; ಆಯಮ್ಮ ಎರಡನ್ನೂ ಕಿತ್ತರು. ಮತ್ತೆ ಹಾಕಲು ಧೈರ್ಯ ಸಾಲದೆ ನನ್ನನ್ನು ಕರೆಸಿದರು.

ನಾನು ಹಾಕಿದೆ. ಸ್ವಲ್ಪ ಹೊತ್ತಿಗೆ ನೀಲಿ ನೀರು ಬಂತು, ಮೀನುಗಳು ಒಂದೊಂದಾಗಿ ತೇಲಿ ಬಂದವು. ಆಯಮ್ಮ ಮೊರ ಹಿಡಿದುಕೊಂಡೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ನನಗೆ ಬೇಜಾರಾಗಬಾರದು ಅನ್ನುವ ಹಾಗೆ, “ಮೇಡಂ, ಒಂದು ಕಮ್ಮಿ ಐತಲ್ರಿ” ಅಂದರು.

ಉಡಿ ತುಂಬಿದ ಫ್ಲಾಪಿ

ಹರಿಹರದಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಮನೆಯಲ್ಲೇ ಗಂಡು ಹೆಣ್ಣು ಕೂಡಿಸುವ ಕೆಲಸ ಮಾಡುತ್ತಿದ್ದರು. ಸುತ್ತಮುತ್ತಲ ಊರಿನ ಮದುವೆ ವಯಸ್ಸಿಗೆ ಬಂದ ಹುಡುಗಿಯರ ವಿವರವೆಲ್ಲ ಅವರ ಕಂಪ್ಯೂಟರಿನಲ್ಲಿತ್ತು. “ಎಲ್ಲಾದರದ್ದೂ ಫ್ಲಾಪಿಯಾಗೆ ಇನ್ನೊಂದು ಪ್ರತಿ ಇಡ್ರಿ, ಅದೂ ಬ್ಯಾರೆ ಮನಿಯಾಗೆ” ಅಂತ ಹೇಳಿದ್ದೆ. ಟೀಚರಮ್ಮ ಪಾಲಿಸಿದರು. ಫ್ಲಾಪಿಯನ್ನು ಕಡರನಾಯಕನಹಳ್ಳಿಯ ತಮ್ಮ ಅಕ್ಕನ ಮನೆಯಲ್ಲಿಟ್ಟರು.

ಒಂದು ಶುಕ್ರವಾರ ಕಂಪ್ಯೂಟರ್ ಪೂರ್ತಿ ಕೈಕೊಟ್ಟಿತು. ಮಾರನೆಯ ದಿನ ಸಂಜೆ ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಟೀಚರಮ್ಮನ ಕಣ್ಣಲ್ಲಿ ನೀರು. “ಫ್ಲಾಪಿ ಐತಲ್ರಿ, ನಡೀರಿ” ಅಂತ ಧೈರ್ಯ ಹೇಳಿ, ನನ್ನ ಮೊಪೆಡ್ಡಿನ ಹಿಂದೆ ಕೂಡಿಸಿಕೊಂಡು ಹೊರಟೆ. ದಾರಿ ಉದ್ದಕ್ಕೂ ಭತ್ತದ ಗದ್ದೆ, ಗದ್ದೆಯಲ್ಲಿ ಆಕಾಶ. ಹಿಂದೆ ಕೂತ ಟೀಚರಮ್ಮ ಯಾವ ಹುಡುಗಿ ಯಾವ ಹುಡುಗನಿಗೆ ಅಂತ ತಮ್ಮಷ್ಟಕ್ಕೆ ಹೊಂದಿಸುತ್ತ ಬಂದರು.

ಅಕ್ಕ ನಮ್ಮನ್ನು ದೇವರ ಮನೆಗೇ ಕರೆದುಕೊಂಡು ಹೋದರು. ದೇವರ ಜಗಲಿಯ ಮೇಲೆ, ದೀಪದ ಪಕ್ಕ, ಫ್ಲಾಪಿ. ಅದಕ್ಕೆ ಅರಿಶಿನ ಕುಂಕುಮ. ಮೇಲೊಂದು ಮಲ್ಲಿಗೆ ಮೊಗ್ಗು.

“ಅಕ್ಕ, ಅದನ್ನ ಕೊಡು. ತುರ್ತು ಐತೆ” ಅಂದರು ಟೀಚರಮ್ಮ.

“ಇವತ್ತು ಕೊಡಲ್ಲ.”

“ಯಾಕ?”

“ನೀನೇ ಹೇಳಿದ್ದಿ, ಇದರಾಗೆ ಊರೂರ ಹೆಣ್ಣುಮಕ್ಕಳು ಅದಾರೆ ಅಂತ. ಶುಕ್ರವಾರ ಒಬ್ಬ ಮಗಳನ್ನ ಮನಿಯಿಂದ ಕಳಸಲ್ಲ ನಾವು. ಅಷ್ಟು ಮಂದೀನ ಒಂದೇ ಸಲ ಕಳಸ್ತಾರೇನು?”

ರೊಟ್ಟಿ ಊಟ ಮಾಡಿ ಬರಿಗೈಯಲ್ಲಿ ವಾಪಸ್ ಬಂದೆವು. ಶನಿವಾರ ಬೆಳಿಗ್ಗೆ ಅಕ್ಕ ತಾವೇ ಬಸ್ಸಿನಲ್ಲಿ ಬಂದರು. ಸೆರಗಿನ ಮರೆಯಿಂದ ಒಂದು ಕುಬುಸದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ನಡುವೆ ಫ್ಲಾಪಿ. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲು ತುಂಬುವ ಹಾಗೆ, ಫ್ಲಾಪಿಗೆ ಉಡಿ ತುಂಬಿ ತಂದಿದ್ದರು.

ಪುಣ್ಯಕ್ಕೆ ಒಳಗೆ ಏನೂ ಆಗಿರಲಿಲ್ಲ. ಬೇರೆ ಕಂಪ್ಯೂಟರ್ ತಂದು ಅದರಲ್ಲಿ ಎಲ್ಲ ಹುಡುಗಿಯರನ್ನೂ ತೆರೆದು ತೋರಿಸಿದೆ. ಆದರೆ ಅವತ್ತಿನಿಂದ ಆ ಮನೆಗೆ ಹೇಳುವ ಬುದ್ಧಿಮಾತಿಗೆ ಇನ್ನೊಂದು ಸೇರಿಸಬೇಕಾಯಿತು: ಫ್ಲಾಪಿ ಹಾಕುವ ಮುಂಚೆ ಅಕ್ಕಿಕಾಳು ಕೊಡವಿ.

ಉಪ್ಪಿಟ್ಟು ತಿಂದವರು

ನನ್ನ ಕ್ಲಾಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮನೆಗೆ ಹೊಸದಾಗಿ ಇಂಟರ್ನೆಟ್ ಬಂದಿತ್ತು. ಗುರುತಿಲ್ಲದವರ ಮೇಲ್ ತೆರೆಯಬೇಡ, ಅದರಲ್ಲಿ ಏನಿರುತ್ತದೋ ಅಂತ ನಾನು ಹೇಳಿದ್ದನ್ನು ಅವಳು ಗಣಿತದ ಸೂತ್ರದ ಹಾಗೆ ಪಾಲಿಸುತ್ತಿದ್ದಳು. ಅವಳ ಅಪ್ಪನದು ಮಾತ್ರ ಉಲ್ಟಾ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ “ನಮ್ಮ ಹುಡುಗಿಗೆ ಇಮೇಲ್ ಐತ್ರಿ” ಅಂತ ಹೆಮ್ಮೆಯಿಂದ ವಿಳಾಸ ಕೊಟ್ಟುಬಿಡುತ್ತಿದ್ದರು.

ಒಂದು ದಿನ ಓಡಿಬಂದಳು. “ಮೇಡಂ, ‘ತಿಳಿ ಆಕಾಶ’ ಅಂತ ಹೆಸರಿಟ್ಕೊಂಡು ಯಾರೋ ಬರೀತಾರೆ. ಎರಡು ಸಲ ತೆಗೆದು ಹಾಕಿದೆ. ಈಗ ಮ್ಯಾಲೆ ವಿಷಯದ ಸಾಲಿನಾಗೇ ಬರದಾರೆ, ‘ನಾನು ಅಪರಿಚಿತ ಅಲ್ಲ, ಭಾನುವಾರ ನಿಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದವನು’ ಅಂತ. ತೆರೀಲೇನು?”

“ತೆರಿ. ಯಾರು ಅಂತ ಗೊತ್ತಾತಲ್ಲ.”

“ಎಲ್ಲಿ ಗೊತ್ತಾತು ಮೇಡಂ? ಪ್ರತಿ ಭಾನುವಾರ ಒಬ್ಬೊಬ್ರು ಬಂದು ಉಪ್ಪಿಟ್ಟು ತಿಂದು ಹೋಗ್ಯಾರೆ!”

ಅವಳ ದನಿ ಕೇಳಿದರೆ ಯಾವುದೋ ಒಂದು ಭಾನುವಾರ ಅವಳ ಮನಸ್ಸಿನಲ್ಲಿತ್ತು. ಬೇರೆಯವರಾಗಿಬಿಟ್ಟರೆ ಅಂತ ಭಯ. ನಾನು ಹೇಳಿದೆ, ಗುರುತು ಹಿಡಿಯಬೇಕಾದರೆ ಅವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೇಳು. ಅವಳು ಯೋಚಿಸಿ ಒಂದೇ ಸಾಲು ಬರೆದಳು: “ಉಪ್ಪಿಟ್ಟು ಹೇಗಿತ್ತು?”

ಮಾರನೆಯ ದಿನ ನಾನು ಅವಳ ಮನೆಗೆ ಹೋದಾಗ ಉತ್ತರ ಬಂದಿತ್ತು. “ಉಪ್ಪೇ ಇರಲಿಲ್ಲ. ಆದರೂ ಇನ್ನೊಂದು ತಟ್ಟೆ ಹಾಕಿಸಿಕೊಂಡೆ. ನೀವು ಮತ್ತೆ ಹೊರಗೆ ಬರುತ್ತೀರಲ್ಲ ಅಂತ.”

ಹುಡುಗಿ ಕಂಪ್ಯೂಟರ್ ಮುಂದಿಂದ ಏಳಲೇ ಇಲ್ಲ. ಕಿಟಕಿಯಾಚೆ ಹತ್ತಿ ಎಳೆ ತೇಲುತ್ತಿತ್ತು, ಅವಳೂ ತೇಲುತ್ತಿದ್ದಳು. “ಇವರೇ ಹೌದು ಮೇಡಂ. ಅವತ್ತು ಗಾಬರಿಯಾಗಿ ಉಪ್ಪು ಮರ್ತಿದ್ದೆ. ಅವರ ಜೊತಿಗೆ ಬಂದೋರೆಲ್ಲ ಅರ್ಧಕ್ಕೇ ಬಿಟ್ರು.”

ಮದುವೆ ಊಟಕ್ಕೆ ನಾನೂ ಹೋಗಿದ್ದೆ. ಮದುಮಗ ಪಂಕ್ತಿಯಲ್ಲಿ ವಿಚಾರಿಸುತ್ತ ನನ್ನ ಎಲೆಯ ಹತ್ತಿರ ಬಂದವರು ಬಗ್ಗಿ, ತುದಿಯಲ್ಲಿ ಬಡಿಸಿದ್ದ ಉಪ್ಪನ್ನು ತೋರಿಸಿ ಹೇಳಿದರು: “ಮೇಡಂ, ಪಾಸ್‌ವರ್ಡ್ ಬಡಿಸ್ಯಾರೋ ಇಲ್ಲೋ ನೋಡ್ಕೊಳ್ರಿ.”

ಗೌರಿ

ಹರಿಹರದಲ್ಲೇ, ಕಿಟಕಿ ತೆರೆದರೆ ತುಂಗಭದ್ರೆ ಕಾಣುವ ಒಂದು ಮನೆ. ಯಜಮಾನರು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ ಮಾಡಿ ನಿವೃತ್ತರಾದವರು. ತಾವು ಹುಟ್ಟಿ ಬೆಳೆದ ಹಳ್ಳಿಯ ಕತೆಯನ್ನು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಒಂದು ವರ್ಷದ ಕೆಲಸ. ಅದಕ್ಕೆ ಪಾಸ್‌ವರ್ಡ್ ಹಾಕುವುದನ್ನು ನಾನೇ ಕಲಿಸಿದ್ದೆ. “ಯಾರೂ ಊಹೆ ಮಾಡಬಾರದು. ಹೆಂಡ್ತಿ ಹೆಸರು, ಮಕ್ಕಳ ಹೆಸರು ಬ್ಯಾಡ. ನಿಮ್ಮ ಮನಸ್ಸಿನಾಗೆ ಮಾತ್ರ ಇರೋದು ಯಾವುದಾದ್ರೂ ಇಡ್ರಿ” ಅಂದಿದ್ದೆ.

ಆಮೇಲೆ ಅವರಿಗೆ ಜ್ವರ ಬಂದು ಬಹಳ ದಿನ ಮಲಗಿದರು. ಎದ್ದು ಕೂತಾಗ ಪಾಸ್‌ವರ್ಡ್ ಮರೆತಿತ್ತು.

ನಾನು ಹೋದಾಗ ಮುಖ ಸಣ್ಣಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು. “ಎಲ್ಲಾ ಅದರಾಗೇ ಐತ್ರಿ. ನಮ್ಮ ಹಳ್ಳಿ, ನಮ್ಮಪ್ಪ, ನಮ್ಮವ್ವ. ಕದ ಹಾಕ್ಕೊಂಡು ಒಳಗೆ ಕುಂತಂಗೆ ಆಗೇತಿ.” ಊರ ಹೆಸರು ಹಾಕಿ ನೋಡಿದೆವು, ಮನೆದೇವರ ಹೆಸರು ಹಾಕಿದೆವು. ಏನೂ ಆಗಲಿಲ್ಲ. ಹೊಳೆಯ ಬೆಳಕು ಗೋಡೆ ಮೇಲೆ ಸುಮ್ಮನೆ ಆಡುತ್ತಿತ್ತು.

ಚಹಾ ತಂದಿಟ್ಟ ಅವರ ಹೆಂಡತಿ ತಟ್ಟೆ ಹಿಡಿದುಕೊಂಡೇ ನಿಂತರು. ಆಮೇಲೆ ಹೇಳಿದರು, “ಗೌರಿ ಅಂತ ಹೊಡೀರಿ.”

ಯಜಮಾನರು ತಟ್ಟನೆ ತಿರುಗಿದರು. ನಾನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಥರ ಹೊಡೆದೆ. ತೆರೆಯಲಿಲ್ಲ. ಕಾಗುಣಿತ ಬದಲಾಯಿಸಿ ಇನ್ನೊಂದು ಥರ ಹೊಡೆದೆ. ತೆರೆಯಿತು.

ಹಳ್ಳಿ ಬಂತು. ಯಜಮಾನರು ಅತ್ತ ನೋಡಲೇ ಇಲ್ಲ.

“ನಿನಗೆ ಹೆಂಗೆ ಗೊತ್ತು?” ಅಂದರು ಯಜಮಾನರು.

“ಮದುವಿಯಾದಾಗಿಂದ ನಿದ್ದಿಯಾಗೆ ಕರೀತೀರಿ. ‘ಬಾರೇ ಗೌರಿ, ಸಿಟ್ಟು ಮಾಡಬ್ಯಾಡ, ಮನಿಗೆ ಹೋಗಾಣ’ ಅಂತ. ಯಾರು ಅಂತ ನಾನು ಒಂದಿನಾನೂ ಕೇಳಿಲ್ಲ. ಕೇಳಿದ್ರೆ ಹೇಳಿಬಿಡ್ತೀರೇನೋ ಅಂತ ಹೆದರಿಕಿ” ಅಂದರು ಆಯಮ್ಮ.

ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಚಹಾ ಬಿಸಿ ಇತ್ತು, ಬೇಗ ಕುಡಿಯಲೂ ಆಗುವ ಹಾಗಿರಲಿಲ್ಲ.

ಯಜಮಾನರು ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ಅಷ್ಟೇ ಮೆಲ್ಲಗೆ, “ನಮ್ಮ ಎಮ್ಮಿ ಕಣೇ ಅದು” ಅಂದರು.

“ಎಮ್ಮಿ?”

“ಎಮ್ಮಿ. ನಾನು ಸಣ್ಣಾತ ಇದ್ದಾಗ ಸಾಕಿದ್ದು. ಕರ್ರಗಿದ್ಲು, ಅದಕ್ಕೇ ನಮ್ಮವ್ವ ಚೇಷ್ಟೆಗೆ ಗೌರಿ ಅಂತ ಇಟ್ಟಿದ್ಲು. ಹೊಳಿಗೆ ಇಳದ್ರೆ ಮ್ಯಾಲೆ ಬರ್ತಿರಲಿಲ್ಲ. ಸಂಜೀತನ ದಂಡಿ ಮ್ಯಾಲೆ ನಿಂತು ಕರೀತಿದ್ದೆ. ಬೇಕಾದ್ರೆ ಓದಿ ನೋಡು, ಎಲ್ಲಾ ಬರದೀನಿ.”

ಆಯಮ್ಮ ಓದಿದರು. ಪರದೆಗೆ ಮುಖ ಹತ್ತಿರ ಇಟ್ಟು, ಎಮ್ಮೆಯ ಕಥೆ ಪೂರ್ತಿ ಓದಿದರು. ಇಷ್ಟು ವರ್ಷ ಹೊತ್ತುಕೊಂಡದ್ದು ಇಳಿದ ಹಾಗೆ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಏನೋ ಹೊಳೆದು ಸೆಟೆದು ನಿಂತರು. “ಎಮ್ಮಿಗೆ ‘ಬಾರೇ, ಸಿಟ್ಟು ಮಾಡಬ್ಯಾಡ’ ಅಂತೀರಿ. ನನಗೆ ಯಾವತ್ತಾದ್ರೂ ಹಂಗಂದೀರೇನು?”

ನಾನೇ ಮಾತು ತಿರುಗಿಸಿದೆ: ಪಾಸ್‌ವರ್ಡ್ ಈಗ ಮೂವರಿಗೆ ಗೊತ್ತಾಗಿದೆ, ಬದಲಾಯಿಸಬೇಕು. “ಈ ಸಲ ನಾನು ಇಡ್ತೀನಿ” ಅಂದರು ಆಯಮ್ಮ. ನಮ್ಮಿಬ್ಬರನ್ನೂ ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿ, ತಾವೇ ಹುಡುಕಿ ಹುಡುಕಿ ಕೀಲಿ ಒತ್ತಿದರು.

ಒಂದು ವಾರ ಕಳೆದು ಬೆಳಿಗ್ಗೆ ಯಜಮಾನರ ಫೋನ್ ಬಂತು. “ಮೇಡಂ, ಇಕಿ ಪಾಸ್‌ವರ್ಡ್ ಹೇಳವಲ್ಲಳು. ದಿನಾ ತಾನೇ ಬಂದು ಹೊಡದು ತೆರದು ಕೊಡ್ತಾಳೆ. ನಾನು ಮೂರು ರಾತ್ರಿಯಿಂದ ನಿದ್ದಿ ಮಾಡಿಲ್ರಿ.”

“ಪಾಸ್‌ವರ್ಡ್ ಹೇಳದಿದ್ರೆ ನೀವ್ಯಾಕೆ ನಿದ್ದಿ ಬಿಡ್ತೀರಿ?” ಅಂದೆ.

“ಏನು ಮಾಡ್ಲಿ? ‘ನಾನೂ ನಿದ್ದಿಯಾಗೇ ಹೇಳ್ತೀನಿ, ಬೇಕಾದ್ರೆ ಎದ್ದು ಕುಂತು ಕೇಳಿಸ್ಕೊಳ್ರಿ’ ಅಂದಾಳೆ.”