ಮಾವನ ಸ್ವೆಟರಿಗೆ ಕತ್ತರಿ

ಹೆಣಿಗೆಯ ಲೋಕವನ್ನು ಗೆದ್ದೇ ತೀರುತ್ತೇನೆಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ, ಬೆಳಗಿನ ಟೀ ಹೊತ್ತಿನಲ್ಲಿ, ಸಕಲ ಕುಟುಂಬದ ಸಮಕ್ಷಮದಲ್ಲಿ!

"ಎಲ್ಲರೂ ಕೇಳಿಸ್ಕೊಳ್ಳಿ. ಈ ಭಾನುವಾರದಿಂದ ನಾನು ಹೆಣಿಗೆ ಕಾರ್ಯಾಗಾರಕ್ಕೆ ಹೋಗ್ತಿದೀನಿ. ನಾಲ್ಕು ಭಾನುವಾರ. ಅದೂ ಅಡ್ವಾನ್ಸ್ಡ್!"

ನನ್ನ ಗಂಡ ಪೇಪರಿನಿಂದ ತಲೆ ಎತ್ತಿದರು. "ಅಡ್ವಾನ್ಸ್ಡಾ? ಅದಕ್ಕಿಂತ ಮುಂಚೆ ಇನ್ನೇನೋ ಇರ್ಬೇಕಲ್ವೇನೇ?"

"ಇದೆ. ಆರಂಭಿಕರ ತರಗತಿ ಅಂತ. ಅದು ಆರಂಭಿಕರಿಗೆ ರೀ!"

"ಮತ್ತೆ ನೀನು?"

"ಹೋದ ವರ್ಷ ನಿಮಗೆ ಮಫ್ಲರ್ ಹೆಣೆದುಕೊಡ್ಲಿಲ್ವಾ?"

ನಮ್ಮವರು ಮತ್ತೆ ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ಆ ಮಫ್ಲರ್ ಮೂವತ್ತು ಕುಣಿಕೆಯಿಂದ ಶುರುವಾಗಿ, ನನಗೊಂದು ಮಾತೂ ಹೇಳದೆ ಐವತ್ತೊಂದಕ್ಕೆ ಬಂದು ನಿಂತಿತ್ತು. ಒಂದು ಕಡೆ ಕುತ್ತಿಗೆಗೆ ಸಾಲದು, ಇನ್ನೊಂದು ಕಡೆ ಇಬ್ಬರಿಗೆ ಸಾಕು. ಸದ್ಯಕ್ಕೆ ಅದನ್ನು ಮಿಕ್ಸಿಗೆ ಹೊದಿಸಿದ್ದೇವೆ.

ನಿಜವಾದ ವಿಷಯ ಬೇರೆಯೇ ಇತ್ತು. ನಮ್ಮ ಮನೆಯಲ್ಲಿ ಹೆಣಿಗೆ ಅಂದರೆ ಅತ್ತೆ. ಮನೆಗೆ ಬಂದವರೆಲ್ಲ ಮಾವನ ಮೈಮೇಲಿನ ಸ್ವೆಟರ್ ಮುಟ್ಟಿ ನೋಡಿ, "ಅಬ್ಬಾ, ಏನು ಕೈರೀ ಇವರದು!" ಎಂದು ಹೊಗಳಿ, ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಬರಲ್ವಾ?" ಎಂದು ಕೇಳುತ್ತಿದ್ದರು. ಹತ್ತು ವರ್ಷದಿಂದ ಇದೇ ಪ್ರಶ್ನೆ! ನಾನು ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ದಿನಕ್ಕೆ ಅರವತ್ತು ರೋಗಿಗಳನ್ನು ಸಂಭಾಳಿಸುವವಳು. ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ನನಗೆ ಯಾವ ಲೆಕ್ಕ?

ಆ ಸ್ವೆಟರಿನ ಬಗ್ಗೆ ಈಗಲೇ ಹೇಳಿಬಿಡಬೇಕು. ಅತ್ತೆಗೆ ಬೆರಳಿನ ಗಂಟುಗಳಲ್ಲಿ ಊತ. ಕಡ್ಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ದಿನಕ್ಕೆ ಎರಡು ಸುತ್ತು, ಮೂರು ಸುತ್ತು ಎಂದು ಎರಡು ವರ್ಷ ಹೆಣೆದು ಅದನ್ನು ಮುಗಿಸಿದ್ದರು. ಬೂದು ಬಣ್ಣ, ಎದೆಯ ಮೇಲೆ ಉದ್ದಕ್ಕೆ ನಾಲ್ಕು ಜಡೆ ವಿನ್ಯಾಸ, ಎಲ್ಲಿ ಹುಡುಕಿದರೂ ಒಂದು ಜೋಡಣೆ ಇಲ್ಲ. ಕಡ್ಡಿಗಳನ್ನು ಡಬ್ಬಿಗೆ ಹಾಕುತ್ತಾ, "ಇಷ್ಟೇ ಕಣೇ, ಇದೇ ಕೊನೇದು. ಇನ್ನು ಕೈಲಾಗಲ್ಲ" ಎಂದಿದ್ದರು. ಮಾವ ಅಂದಿನಿಂದ ಅದನ್ನು ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದರು.

ಇರಲಿ. ಕಾರ್ಯಾಗಾರದ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಇದುವರೆಗೆ ಎಷ್ಟು ಸ್ವೆಟರ್ ಹೆಣೆದಿದ್ದೀರಿ? ನಾನು 'ಏಳು' ಎಂದು ಬರೆದೆ. ಹತ್ತು ಎಂದರೆ ಜಂಬ ಅನಿಸುತ್ತದೆ ನೋಡಿ!

ಮೊದಲ ಭಾನುವಾರ ಹೋದರೆ ಉದ್ದನೆಯ ಮೇಜು, ಸುತ್ತ ಹನ್ನೊಂದು ಹೆಂಗಸರು, ಇಬ್ಬರು ಗಂಡಸರು. ಎಲ್ಲರ ಕಡ್ಡಿಗಳೂ ಟಕಟಕ ಎಂದು ಮಾತಾಡುತ್ತಿವೆ. ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡ ಟೀಚರ್, "ಬನ್ನಿ ಬನ್ನಿ, ಏಳು ಸ್ವೆಟರ್ ಅಲ್ವಾ ನೀವು?" ಎಂದು ನನ್ನನ್ನು ಮುಂದಿನ ಕುರ್ಚಿಯಲ್ಲೇ ಕೂರಿಸಿದರು. ನಲವತ್ತು ಕುಣಿಕೆ ಹಾಕಿ, ಐದು ನಿಮಿಷದಲ್ಲಿ ಒಂದು ಜಡೆ ತಿರುಗಿಸಿ ಎಂದರು. ನನಗೆ ಕುಣಿಕೆ ಹಾಕುವುದೇ ಮರೆತುಹೋಗಿತ್ತು! ಮಫ್ಲರಿಗೆ ಅದನ್ನು ಹಾಕಿಕೊಟ್ಟಿದ್ದೂ ಅತ್ತೆಯೇ.

"ಟೀಚರ್, ನಿನ್ನೆ ಬಲಗೈ ಉಳುಕಿಬಿಟ್ಟಿದೆ," ಎಂದೆ. ನಾಲಿಗೆ ತಾನಾಗಿಯೇ ಹೊರಳಿತು, ನನ್ನನ್ನು ಕೇಳಲಿಲ್ಲ.

ಪಕ್ಕದಲ್ಲಿ ಕೂತವಳು ವೃತ್ತಿಯಲ್ಲಿ ನರ್ಸ್. ತಕ್ಷಣ ನನ್ನ ಮಣಿಕಟ್ಟು ಹಿಡಿದು, ಅತ್ತ ಇತ್ತ ತಿರುಗಿಸಿ, "ಊತಾನೇ ಇಲ್ವಲ್ಲ?" ಎಂದಳು.

"ಒಳಗೆ ಇದೆ," ಎಂದೆ.

ಎರಡನೇ ಭಾನುವಾರ ಬಸ್‌ಸ್ಟಾಪಿನಲ್ಲಿ ನಿಂತು, ಆಸ್ಪತ್ರೆಯಿಂದ ತಂದ ಬ್ಯಾಂಡೇಜನ್ನು ಅಂಗೈಯಿಂದ ಮೊಣಕೈವರೆಗೆ ಸುತ್ತಿಕೊಂಡು ಹೋದೆ. ವಾಪಸ್ ಬರುವಾಗ ಅದೇ ಬಸ್‌ಸ್ಟಾಪಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕಿದೆ. ಮನೆಯಲ್ಲಿ ನಮ್ಮವರು, "ಏನು ಕಲಿತೆ ಇವತ್ತು?" ಎಂದರೆ, "ನಿಮಗೆ ಅರ್ಥ ಆಗಲ್ಲ ಬಿಡಿ" ಎಂದೆ. ಅದೊಂದು ಮಾತು ಮಾತ್ರ ನಿಜ. ನನಗೂ ಅರ್ಥವಾಗಿರಲಿಲ್ಲ.

ಟೀಚರ್ ಒಳ್ಳೆಯವರು, ಅದೇ ತೊಂದರೆ. "ಪಾಪ, ಕೈ ಸರಿಹೋಗೋವರೆಗೂ ಸುಮ್ಮನೆ ಯಾಕೆ ಕೂರ್ತೀರಿ? ಮುಂದಿನ ವಾರ ನಿಮ್ಮ ಏಳರಲ್ಲಿ ಒಂದನ್ನ ತಂದು ತೋರಿಸಿ, ಎಲ್ಲರೂ ನೋಡಲಿ" ಎಂದರು. ಹದಿಮೂರು ಜೋಡಿ ಕಣ್ಣು ನನ್ನ ಮೇಲೆ. "ಅದಕ್ಕೇನಂತೆ, ತರ್ತೀನಿ!" ಎಂದುಬಿಟ್ಟೆ.

ಮೂರನೇ ಭಾನುವಾರ ಬೆಳಿಗ್ಗೆ ಮಾವ ವಾಕಿಂಗ್ ಮುಗಿಸಿ, ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿ ಸ್ನಾನಕ್ಕೆ ಹೋದರು. ನಾನು ಅದನ್ನು ಮಡಿಸಿ ಚೀಲಕ್ಕೆ ಸೇರಿಸಿದೆ. ಮಧ್ಯಾಹ್ನದೊಳಗೆ ತಂದು ಅದೇ ಕುರ್ಚಿಗೆ ಹಾಕಿದರಾಯಿತು! ಕಳ್ಳತನ ಅಂತೀರಾ? ಆಗ ನಾನು ಎರವಲು ಅಂದುಕೊಂಡಿದ್ದೆ.

ಸ್ವೆಟರ್ ನೋಡಿ ಎಲ್ಲರೂ ಕಡ್ಡಿ ಕೆಳಗಿಟ್ಟರು! ಟೀಚರ್ ಒಳಗೆ ಕೈಹಾಕಿ, ತಿರುವಿ, ಬೆಳಕಿಗೆ ಹಿಡಿದು ನೋಡಿದರು. "ಒಂದೇ ಒಂದು ಜೋಡಣೆ ಇಲ್ಲ! ಸುತ್ತಲೂ ಏಕವಾಗಿ ಹೆಣೆದಿದೀರಲ್ರೀ! ನಾನು ನಿಮ್ಮ ಶಿಷ್ಯೆ ಆಗ್ಬೇಕು." ನಾನು ಬ್ಯಾಂಡೇಜ್ ಕೈಯನ್ನು ಎದೆಗೆ ಒತ್ತಿಕೊಂಡು ವಿನಯದಿಂದ ನಕ್ಕೆ. ಆಹಾ, ಆ ಐದು ನಿಮಿಷ! ನನ್ನದಲ್ಲದ ಹೊಗಳಿಕೆ ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಇವತ್ತಿನ ಪಾಠಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ," ಎಂದು ಟೀಚರ್ ಡ್ರಾಯರಿನಿಂದ ಕತ್ತರಿ ತೆಗೆದರು.

ಅಂದಿನ ಪಾಠ ಇದು: ಹೀಗೆ ಕೊಳವೆಯಂತೆ ಹೆಣೆದ ಸ್ವೆಟರಿನ ಎದೆಯ ನಡುವೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಮಿಷನ್ ಹೊಲಿಗೆ ಹಾಕಿ, ಮಧ್ಯೆ ಕತ್ತರಿಸುವುದು. ಹೊಲಿಗೆ ಇರುವುದರಿಂದ ಕುಣಿಕೆ ಬಿಚ್ಚುವುದಿಲ್ಲ. ಆಮೇಲೆ ಪಟ್ಟಿ ಕೊಟ್ಟು ಗುಂಡಿ ಇಟ್ಟರೆ ಮುಂದೆ ತೆರೆಯುವ ಸ್ವೆಟರ್ ತಯಾರು. ಎಲ್ಲರೂ ತಮ್ಮ ತಮ್ಮ ಹೆಣಿಗೆಯನ್ನು ಮಗುವಿನಂತೆ ಅವಚಿಕೊಂಡರು.

"ಬೇಡ ಟೀಚರ್..." ಎಂದೆ.

"ಅಯ್ಯೋ, ಏಳು ಹೆಣೆದವರಿಗೆ ಒಂದು ಯಾವ ಲೆಕ್ಕ? ನೀವೇ ಹೆದರಿದ್ರೆ ಇವರ ಗತಿಯೇನು?"

ಆಗ ಒಂದು ಮಾತು ಸಾಕಿತ್ತು. 'ಇದು ನನ್ನದಲ್ಲ, ನಮ್ಮತ್ತೆಯದು.' ಟೀಚರ್ ಗೆರೆ ಎಳೆಯುವವರೆಗೂ ಹೇಳಬಹುದಿತ್ತು. ಮಿಷನ್ ಗರಗರ ಎನ್ನುತ್ತಿದ್ದಾಗಲೂ ಹೇಳಬಹುದಿತ್ತು. ಪಕ್ಕದಲ್ಲಿ ಆ ನರ್ಸ್ ನನ್ನ ಮಣಿಕಟ್ಟನ್ನೇ ನೋಡುತ್ತಾ ಕೂತಿದ್ದಳು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ತಲೆ ಮೇಲೆತ್ತಲಾಗುವುದಿಲ್ಲ.

"ನಿಮ್ಮ ಕೈಯಾರೆ ನೀವೇ ಕತ್ತರಿಸಿ. ಬಲಗೈ ಆಗಲ್ಲ ಅಲ್ವಾ? ಎಡಗೈಲೇ ಮಾಡಿ, ನಿಧಾನವಾಗಿ."

ಎಡಗೈ! ಎಡಗೈಯಲ್ಲಿ ನಾನು ಬಾಳೆಹಣ್ಣಿನ ಸಿಪ್ಪೆ ಸುಲಿದವಳೂ ಅಲ್ಲ. ಕತ್ತರಿ ಗೆರೆಯ ಮೇಲೆ ನಾಲ್ಕು ಬೆರಳಷ್ಟು ನೆಟ್ಟಗೆ ನಡೆಯಿತು. ಆಮೇಲೆ ಸೊಟ್ಟಗೆ ತಿರುಗಿ, ಹೊಲಿಗೆಯನ್ನು ದಾಟಿ, ಪಕ್ಕದ ಜಡೆಯ ಸೊಂಟಕ್ಕೇ ಬಾಯಿ ಹಾಕಿತು! "ನಿಲ್ಲಿಸ್ರೀ!" ಎಂದು ಟೀಚರ್ ಕಿರುಚಿದಾಗ ಕುಣಿಕೆಗಳು ಪುಳಪುಳ ಎಂದು ಜಾರುತ್ತಿದ್ದವು. ಅವರು ಕ್ರೋಶಾ ಕಡ್ಡಿ ಹಿಡಿದು ಒಂದೊಂದನ್ನೇ ಎತ್ತಿ ಸಿಕ್ಕಿಸಿ, "ಹೆದರ್ಬೇಡಿ, ಅಗಲದ ಪಟ್ಟಿ ಕೊಟ್ರೆ ಕಾಣಲ್ಲ. ಇದು ನನ್ನ ಹತ್ರಾನೇ ಇರಲಿ, ಮುಂದಿನ ವಾರ ಪ್ರದರ್ಶನಕ್ಕೆ ಇಡೋಣ" ಎಂದರು. ನಾನು ಖಾಲಿ ಚೀಲದೊಂದಿಗೆ ಮನೆಗೆ ಬಂದೆ.

"ನನ್ನ ಸ್ವೆಟರ್ ಎಲ್ಲಮ್ಮಾ?" ಎಂದರು ಮಾವ.

"ಡ್ರೈಕ್ಲೀನಿಂಗಿಗೆ ಕೊಟ್ಟಿದೀನಿ ಮಾವ."

ಅತ್ತೆ ಒಳಗಿಂದಲೇ, "ಮೊನ್ನೆ ತಾನೇ ಒಗೆದಿದ್ನಲ್ಲ?" ಎಂದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿಯನ್ನು ಜೋರಾಗಿ ತಿರುಗಿಸಿದೆ.

ಆ ವಾರ ಮಾವ ಎರಡು ಅಂಗಿಯ ಮೇಲೆ ನನ್ನ ಗುಲಾಬಿ ಶಾಲು ಹೊದ್ದು ವಾಕಿಂಗ್ ಹೋದರು. ಬುಧವಾರ ನೆಗಡಿ. ಗುರುವಾರ ಸೀನು, ಒಂದೊಂದಕ್ಕೂ ಕಿಟಕಿಯ ಗಾಜು ಅದುರುವಂಥದ್ದು! ಪ್ರತಿ ಸೀನಿಗೂ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಶುಕ್ರವಾರ ಅತ್ತೆ, "ಡ್ರೈಕ್ಲೀನಿಂಗ್ ಅಂಗಡಿ ಯಾವ್ದು ಹೇಳು, ನಾನೇ ಹೋಗಿ ತರ್ತೀನಿ" ಎಂದರು. "ಅವರ ಮನೇಲಿ ಏನೋ ಆಗಿದೆಯಂತೆ, ಬಾಗಿಲು ಹಾಕಿದಾರೆ" ಎಂದೆ. ಸುಳ್ಳು ಹೇಳಿ ಹೇಳಿ ಯಾವುದು ಯಾರಿಗೆ ಹೇಳಿದ್ದೆನೆಂಬುದೇ ಮರೆತುಹೋಗಿತ್ತು. ಅತ್ತೆ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಮಾವನಿಗೆ ಬಿಸಿನೀರು ಕೊಡಲು ಹೋದರು. ನಾನು ಸ್ನಾನದ ಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ.

ನಾಲ್ಕನೇ ಭಾನುವಾರ. ಬೇಗ ಹೋಗಿ, ಟೀಚರ್ ಕೈಕಾಲು ಹಿಡಿದು ಸ್ವೆಟರ್ ಬಿಡಿಸಿಕೊಂಡು ಬರುವ ಯೋಜನೆ ನನ್ನದು. ಕೋಣೆಯ ಬಾಗಿಲು ತೆಗೆದರೆ ನಮ್ಮವರು ಇಸ್ತ್ರಿ ಅಂಗಿ ಹಾಕಿ ನಿಂತಿದ್ದಾರೆ. ಹಿಂದೆ ಅತ್ತೆ, ಗುಲಾಬಿ ಶಾಲಿನಲ್ಲಿ ಮಾವ!

"ನಿಮ್ಮ ಟೀಚರ್ ಫೋನ್ ಮಾಡಿದ್ರು ಕಣೇ. ನಿಂಗೇ ಮೊದಲನೇ ಬಹುಮಾನವಂತೆ! ಮನೆಯವರೆಲ್ಲ ಬರ್ಲೇಬೇಕು ಅಂದ್ರು. ನಮ್ಮ ಹತ್ರಾನೇ ಮುಚ್ಚಿಟ್ಟಿದೀಯಲ್ಲೇ ಕಳ್ಳಿ!"

ಸಭಾಂಗಣದ ಮಧ್ಯೆ ಒಂದು ಗೊಂಬೆಯ ಮೈಮೇಲೆ ಅದು ನಿಂತಿತ್ತು. ಬೂದು ಸ್ವೆಟರ್, ಅಗಲದ ಪಟ್ಟಿ, ಆರು ಗುಂಡಿ, ಕೊರಳಲ್ಲಿ ನನ್ನ ಹೆಸರಿನ ಚೀಟಿ.

ಮಾವ ಕಣ್ಣರಳಿಸಿದರು. "ಏಯ್, ಥೇಟ್ ನನ್ನದರ ಥರಾನೇ ಇದೆ! ಆದ್ರೆ ಇದಕ್ಕೆ ಗುಂಡಿ ಇದೆ."

ಅತ್ತೆ ಹತ್ತಿರ ಹೋಗಿ, ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ, ಅದರಡಿ ಕತ್ತರಿ ಸೊಟ್ಟಗೆ ಹೋದ ಜಾಗ ನೋಡಿದರು. ನೋಡಿ, ಹಾಗೆಯೇ ಮುಚ್ಚಿ, ಬಂದು ಮೂರನೇ ಸಾಲಿನಲ್ಲಿ ಕೂತರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಎಲ್ಲಿ, ಅದು ಗಟ್ಟಿ ಸಿಮೆಂಟಿನ ನೆಲ!

ಅಷ್ಟರಲ್ಲಿ ಟೀಚರ್ ನನ್ನನ್ನು ವೇದಿಕೆಗೆ ಕರೆದು, ಕೈಗೆ ಕಡ್ಡಿ ಉಲ್ಲನ್ ಕೊಟ್ಟು ಮೈಕಿನಲ್ಲಿ ಹೇಳಿದರು: "ಆ ಜಡೆ ತಿರುಗಿಸೋ ರೀತಿನ ಎರಡೇ ಸಾಲು ಮಾಡಿ ತೋರಿಸ್ತಾರೆ!"

"ಟೀಚರ್, ಕೈ..."

"ಬ್ಯಾಂಡೇಜ್ ಬಿಚ್ಚಿದೀರಲ್ಲ, ಸರಿಹೋಯ್ತಲ್ಲ!"

"ಬ್ಯಾಂಡೇಜಾ? ಯಾವ ಬ್ಯಾಂಡೇಜು?" ಎಂದರು ಮೊದಲ ಸಾಲಿಗೆ ಬಂದು ಫೋಟೋ ತೆಗೆಯುತ್ತಿದ್ದ ನನ್ನ ಗಂಡ. ಎಷ್ಟು ದೊಡ್ಡ ದನಿ ಆ ಮನುಷ್ಯನದು! ನರ್ಸ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ನಾನು ಕಡ್ಡಿ ಹಿಡಿದು ನಿಂತೆ. ಬಲಗೈಯದು ಎಡಕ್ಕೆ, ಎಡಗೈಯದು ಬಲಕ್ಕೆ ಬದಲಾಯಿಸಿದೆ. ಉಂಡೆ ಜಾರಿ ವೇದಿಕೆಯಿಂದ ಉರುಳಿತು. ಯಾರೋ ಕೆಮ್ಮಿದರು. ಆಗ ಮೂರನೇ ಸಾಲಿನಿಂದ ಅತ್ತೆ ಎದ್ದು, ಉಂಡೆಯನ್ನು ಹೆಕ್ಕಿಕೊಂಡು, ಮೆಟ್ಟಿಲು ಹತ್ತಿ ಬಂದರು.

"ನನ್ನ ಸೊಸೆಗೆ ನಾಚಿಕೆ ಜಾಸ್ತಿ. ನಾನು ಮಾಡಿ ತೋರಿಸ್ಲಾ? ನನಗೆ ಕಲಿಸಿದ್ದು ಇವಳೇ."

ಊದಿದ ಬೆರಳುಗಳು ಕಡ್ಡಿಯನ್ನು ಹಿಡಿದವು. ಒಂದೊಂದು ಕುಣಿಕೆಗೂ ಅವರು ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುವುದು ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳುತ್ತಿತ್ತು. ಎರಡೇ ಸಾಲು ಸಾಕಿತ್ತು, ಅವರು ಆರು ಸಾಲು ಹೆಣೆದರು. ಜಡೆ ತಿರುಗಿಕೊಂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ನನಗೆ! "ಶಿಷ್ಯೆಯೇ ಹೀಗಿದ್ರೆ ಗುರು ಹೇಗಿರ್ಬೇಡ!" ಎಂದು ಟೀಚರ್ ನನ್ನ ಬೆನ್ನು ಚಪ್ಪರಿಸಿದರು. ಒಬ್ಬೊಬ್ಬರ ಚಪ್ಪಾಳೆಯೂ ಕೆನ್ನೆಗೇ ಬಿದ್ದ ಹಾಗಿತ್ತು.

ವಾಪಸ್ ಬಸ್ಸಿನಲ್ಲಿ ಮಾವ ಬಹುಮಾನದ ಸ್ವೆಟರ್ ಹಾಕಿಕೊಂಡೇ ಕೂತರು. "ನನ್ನ ಅಳತೆ ತೆಗೆದು ಮಾಡಿದ ಹಾಗಿದೆ! ಸತ್ಯ ಹೇಳ್ಬೇಕು ಅಂದ್ರೆ ನಿಮ್ಮತ್ತೆ ಹೆಣೆದಿದ್ದಕ್ಕಿಂತ ಇದೇ ಚೆನ್ನಾಗಿದೆ. ಅದು ಡ್ರೈಕ್ಲೀನಿಂಗಿಂದ ಬಂದ್ರೆ ಮನೇಲಿ ಹಾಕ್ಕೊಳೋಕಾಯ್ತು." ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಅವರ ಎರಡೂ ಕೈ ಹಿಡಿದುಕೊಂಡೆ. ಅರ್ಜಿಯ ಏಳು, ಬ್ಯಾಂಡೇಜು, ಎಡಗೈ, ಕತ್ತರಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಮೂಗು ಸೋರುತ್ತಿತ್ತು. "ತಪ್ಪಾಯ್ತು ಅತ್ತೆ. ನಾನು ನಿಮ್ಮ ಕೆಲಸ ಹಾಳು ಮಾಡಿದೆ. ನೀವು ನೋಡಿದ್ರೆ ಅಷ್ಟು ಜನರ ಮುಂದೆ ಅದು ನಂದೇ ಅಂತ ಹೇಳಿ ನನ್ನ ಮರ್ಯಾದೆ ಉಳಿಸಿದ್ರಿ..."

"ನಿನ್ನ ಮರ್ಯಾದೆನಾ?" ಅತ್ತೆ ಕೈ ಬಿಡಿಸಿಕೊಂಡು ಸೆರಗಿನಿಂದ ನನ್ನ ಮೂಗು ಒರೆಸಿದರು. "ಹೆಣೆದೋಳು ನಾನು ಅಂತ ಅಲ್ಲಿ ಬಾಯಿಬಿಟ್ಟಿದ್ರೆ, ಅಷ್ಟು ಸೊಟ್ಟಗೆ ಕತ್ತರಿಸಿದೋಳೂ ನಾನೇ ಅಂದ್ಕೊಳ್ತಿರ್ಲಿಲ್ವಾ ಜನ? ನನ್ನ ಮರ್ಯಾದೆ ನಾನು ನೋಡ್ಕೋಬೇಡ್ವೇನೇ?"