ರೊಟ್ಟಿ ಉಬ್ಬದ ಒಲೆ

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ಇದು ನನ್ನ ಅಪವಾದವಲ್ಲ, ತರಗತಿಯಲ್ಲಿ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಮಕ್ಕಳು ಏನೇ ಕೇಳಲಿ, “ನನಗ ಗೊತ್ತಿಲ್ಲಪ್ಪ, ಮಾಡಿ ನೋಡೋಣು” ಎಂದುಬಿಡುತ್ತಿದ್ದರು. ಸರ್ಕಾರ ಇವರಿಗೆ ಸಂಬಳ ಕೊಡುವುದು ಯಾತಕ್ಕೆ ಎಂದು ಹೆಡ್‌ಮಾಸ್ತರರು ನನ್ನ ಬಳಿ ಗೊಣಗುತ್ತಿದ್ದರು.

ಚಿಗಟೇರಿ ಕಡೆಯ ಒಂದು ಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ನಾನೂ ವಿಜ್ಞಾನದ ಮೇಷ್ಟ್ರೂ ದಿನಾ ಹರಪನಹಳ್ಳಿಯಿಂದ ಒಂದೇ ಬಸ್ಸಿಗೆ ಹೋಗುವವರು. ಒಮ್ಮೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾವೆಲ್ಲ ಬೇವಿನ ಮರದ ನೆರಳು ಹುಡುಕಿದರೆ ಇವರು ಡ್ರೈವರನ ಜೊತೆ ಬಸ್ಸಿನ ಅಡಿಗೆ ನುಗ್ಗಿದರು. ಹೊರಗೆ ಬಂದಾಗ ಬಿಳಿ ಅಂಗಿ ಯಾವುದು, ಗ್ರೀಸು ಯಾವುದು ಗೊತ್ತಾಗುವಂತಿರಲಿಲ್ಲ. ಅಂದು ಗ್ರೀಸಿನ ಪಾಠಕ್ಕೆ ಬೇರೆ ಚಿತ್ರಪಟ ಬೇಕಾಗಲಿಲ್ಲ.

ನನ್ನ ತರಗತಿಗೂ ಅವರ ತರಗತಿಗೂ ನಡುವೆ ಎದೆಮಟ್ಟದ ಗೋಡೆ. ನಾನೊಮ್ಮೆ ‘ಕಮಲದ ಎಲೆಯ ಮೇಲಿನ ನೀರಿನಂತೆ’ ಎಂದು ಉಪಮಾಲಂಕಾರ ಬಿಡಿಸುತ್ತಿದ್ದೆ. ಆ ಕಡೆಯಿಂದ ಮೇಷ್ಟ್ರ ತಲೆ ಎದ್ದು, ನೀರು ಯಾಕೆ ಅಂಟುವುದಿಲ್ಲ ಎಂದು ನನ್ನನ್ನೇ ಕೇಳಿತು! ಮರುದಿನ ಕೆರೆಯಿಂದ ಎಲೆಗಳು ಬಂದವು, ಕೊಡದಲ್ಲಿ ನೀರು ಬಂತು. ನನ್ನ ಪದ್ಯ ಅಲ್ಲಿಗೇ ನಿಂತಿತು. ಆದರೆ ಆ ವರ್ಷ ಪರೀಕ್ಷೆಯಲ್ಲಿ ಉಪಮೆಯನ್ನು ಯಾರೂ ತಪ್ಪು ಬರೆಯಲಿಲ್ಲ.

ಹೀಗಿರುವಾಗ ಅವರು ಯಾವುದೋ ಪತ್ರಿಕೆಯಲ್ಲಿ ಹೊಗೆಯಿಲ್ಲದ ಒಲೆಯ ಚಿತ್ರ ನೋಡಿದರು. ಯಾರ ಮನೆಯಲ್ಲಿ ಕಟ್ಟೋಣ ಎಂದು ಏಳನೇ ತರಗತಿಯಲ್ಲಿ ಕೇಳಿದಾಗ ಕೈಯೆತ್ತಿದವಳು ಕೊಟ್ರಮ್ಮ ಒಬ್ಬಳೇ. ಕುರಿ ಕಾಯುವವರ ಮನೆಯ ಹುಡುಗಿ. ಮಕ್ಕಳೆಲ್ಲ ಸೇರಿ ಮಣ್ಣು, ಹೊಟ್ಟು ತುಳಿದರು. ಹೊಗೆ ಹೋಗುವ ಕೊಳವೆ ಹರಪನಹಳ್ಳಿಯಿಂದ ಬಸ್ಸಿನ ಮೇಲೆ ಬಂತು. ಒಲೆ ಹತ್ತಿತು, ಹೊಗೆ ಮಾಳಿಗೆ ದಾಟಿ ಆಕಾಶಕ್ಕೆ ಹೋಯಿತು. ಮೇಷ್ಟ್ರು ಮದುವೆ ಮನೆಯ ಯಜಮಾನರಂತೆ ಓಡಾಡಿದರು.

ವಾರ ಕಳೆಯುವುದರೊಳಗೆ ಕೊಟ್ರಮ್ಮನ ಅಪ್ಪ ಶಾಲೆಗೆ ಬಂದ. ಆ ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿಲ್ಲ, ಮನೆಮಂದಿಯೆಲ್ಲ ಚಕ್ಕಳ ಅಗಿಯುತ್ತಿದ್ದಾರೆ, ನಾಳೆ ಒಲೆ ಒಡೆಯುತ್ತೇನೆ ಎಂದ. ಶಾಲೆಯಲ್ಲಿ ಕಲಿಯುವುದು ಇದೇ ಆದರೆ ಮಗಳನ್ನೂ ಬಿಡಿಸಿ ಕುರಿ ಹಿಂದೆ ಕಳಿಸುತ್ತೇನೆ ಎಂದ. ಮೇಷ್ಟ್ರ ಮುಖ ಇಳಿದುಹೋಯಿತು. ಒಲೆಯದಿರಲಿ, ಹುಡುಗಿಯ ಓದಿಗೇ ಕುತ್ತು ಬಂದಿತ್ತು.

ಆ ಸಂಜೆ ನನ್ನನ್ನೂ ಎಳೆದುಕೊಂಡು ಕೊಟ್ರಮ್ಮನ ಮನೆಗೆ ಹೋದರು. ಒಲೆಯ ಮುಂದೆ ಕೂತು ತಾವೇ ರೊಟ್ಟಿ ಬಡಿದರು. ಅದು ಯಾವ ದೇಶದ ನಕ್ಷೆ ಎಂದು ಹೇಳುವುದು ಕಷ್ಟವಿತ್ತು. ಕೊಟ್ರಮ್ಮನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ, ರೊಟ್ಟಿಯನ್ನು ಹೆಂಚಿನಿಂದ ತೆಗೆದು ಕೆಂಡದ ಎದುರು ನಿಲ್ಲಿಸಿದರೆ ಉಬ್ಬುತ್ತದೆ, ಈ ಒಲೆಯ ಸಣ್ಣ ಬಾಯಲ್ಲಿ ಅದಕ್ಕೆ ಜಾಗವೇ ಇಲ್ಲ ಎಂದು ತೋರಿಸಿದಳು. ಬಾಯಿ ದೊಡ್ಡದು ಮಾಡಿದರೆ ಹೊಗೆ ಮತ್ತೆ ಮನೆಯೊಳಗೇ! ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಕೊಟ್ರಮ್ಮ ಮೆಲ್ಲಗೆ ಹೇಳಿದಳು: “ಸರ್, ಕೆಂಡಕ್ಕ ಹೊಗಿ ಇರಂಗಿಲ್ಲಲ್ರಿ. ಒಲಿ ಮುಂದ ಸಣ್ಣ ಕಟ್ಟಿ ಮಾಡಿ, ಕೆಂಡ ಅಲ್ಲಿಗೆ ಎಳ್ಕಂಡ್ರ?”

“ಆಗ್ತೈತೇನವ್ವ?”

“ಗೊತ್ತಿಲ್ರಿ. ಮಾಡಿ ನೋಡೋಣ್ರಿ.”

ಒಲೆ ಒಡೆಯುತ್ತೇನೆ ಎಂದಿದ್ದ ಅಪ್ಪನೇ ಮಣ್ಣು ಕಲಸಿಕೊಟ್ಟ. ಕಟ್ಟೆ ಒಣಗಿದ ಮೇಲೆ ನಮ್ಮಿಬ್ಬರಿಗೂ ಕರೆ ಬಂತು. ಮೊದಲ ರೊಟ್ಟಿ ಕೆಂಡದೆದುರು ನಿಂತು ಚೆಂಡಿನಂತೆ ಉಬ್ಬಿತು. ಅಪ್ಪ ಎರಡು ರೊಟ್ಟಿ ತಿಂದು ಮುಗಿಸಿದ. ಆಮೇಲೆ, ಕುರಿ ಕಾಯಲು ತಾನಿದ್ದೇನೆ, ಕೂಸು ಓದಲಿ ಬಿಡಿ ಎಂದ.

ಕೊಟ್ರಮ್ಮ ಒಲೆಯ ಆ ಬದಿ ಕೂತು ಹಿಟ್ಟು ನಾದುತ್ತಿದ್ದಳು. ಬೆಂಕಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಳ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನೇ ನೋಡುತ್ತ ಕೂತಳು.

“ಇಷ್ಟು ವರ್ಷ ಒಲಿ ಮುಂದ ಕಣ್ಣು ಮುಚ್ಕಂಡು ಕುಂತೀನ್ರಿ ಮೇಷ್ಟ್ರ,” ಎಂದಳು. “ನನ್ನ ಮಗಳ ಮಾರಿ ಇಷ್ಟು ಚಂದ ಐತಿ ಅಂತ ಇವತ್ತು ಕಾಣ್ತು ನೋಡ್ರಿ.”

ಮೇಷ್ಟ್ರು ಗೋಡೆಯ ಕಡೆ ತಿರುಗಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಪಾಪ, ನೆಪ ಹೇಳೋಣವೆಂದರೆ ಆ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ.